ಗರಸಿನ ಹೊಂಡದ ಹೆಜ್ಜೆಗಳು

ಶಿವರಾತ್ರಿಗೆ ಇನ್ನೂ ಎಂಟು ದಿನ ಇತ್ತು. ಬೆಳಿಗ್ಗೆ ಏಳಕ್ಕೆ ನಮ್ಮ ವಾಚರ್ ಕಾಕಾ ಫೋನ್ ಮಾಡಿದರು.

"ಅಕ್ಕಾರ, ಲಗೂ ಬರ್ರಿ. ಗರಸಿನ ಹೊಂಡದ ಬಾಜೂಕ ಕುರಿದಡ್ಡಿಗೆ ಏನೋ ಬಿದ್ದೈತಿ. ಒಂಬತ್ತು ಕುರಿ ಸತ್ತಾವ. ಮಂದಿ ಭಾಳ ಕೂಡೈತಿ."

ಆ ಭಾಗದ ಅರಣ್ಯಕ್ಕೆ ನಾನು ಗಾರ್ಡ್. ಕಾಕಾ ದಿನಗೂಲಿ ವಾಚರ್. ಅರವತ್ತರ ಹತ್ತಿರದ ವಯಸ್ಸು, ಕುರಿ ಕಾಯುವ ಮನೆತನ. ನನಗಿಂತ ಮೊದಲು ಬಂದುಹೋದ ಐದು ಗಾರ್ಡುಗಳಿಗೆ ಗುಡ್ಡ ತೋರಿಸಿದವರು ಅವರೇ. ಕಚೇರಿಯಲ್ಲಿ ಎಲ್ಲರೂ ಅವರನ್ನು ಏಕವಚನದಲ್ಲಿ ಕರೆಯುತ್ತಿದ್ದರು. ನಾನು ಕಾಕಾ ಎನ್ನುತ್ತಿದ್ದೆ.

ಬಾಡಗಂಡಿ ದಾಟಿ ಗುಡ್ಡದ ಕಡೆ ಹೊರಳಿದರೆ ಸ್ವಲ್ಪ ದೂರದಲ್ಲಿ ಕಬ್ಬು ಮುಗಿದು ಜಲ್ಲಿಕಲ್ಲಿನ ಗರಸು ನೆಲ ಶುರುವಾಗುತ್ತದೆ. ಹಿಂದೆ ಯಾವಾಗಲೋ ರಸ್ತೆಗೆಂದು ಗರಸು ತೆಗೆದ ತಗ್ಗಿನಲ್ಲಿ ಮಳೆನೀರೂ ಕಬ್ಬಿನ ಹೊಲಗಳ ಬಸಿನೀರೂ ನಿಂತು ಹೊಂಡವಾಗಿದೆ. ಮೂರು ಕಡೆ ಕಲ್ಲು. ಪೂರ್ವದ ಕಡೆ ಮಾತ್ರ ಮೇಲಿನ ಹೊಲದ ಎರೆಮಣ್ಣು ಕೊಚ್ಚಿ ಬಂದು ಮೆತ್ತಗೆ ಹಾಸಿಕೊಂಡಿದೆ. ಹಗಲು ಕುರಿ ನೀರು ಕುಡಿಯುವುದು ಅಲ್ಲೇ. ಕತ್ತಲಾದ ಮೇಲೆ ಗುಡ್ಡದಿಂದ ಇಳಿದವೂ ಅಲ್ಲಿಗೇ ಬರುತ್ತವೆ. ಆ ಮಣ್ಣಿನಲ್ಲಿ ಹೆಜ್ಜೆ ಮೂಡಿದರೆ ನಾಲ್ಕು ದಿನ ಅಳಿಸುವುದಿಲ್ಲ.

ನಾನು ಹೋಗುವಷ್ಟರಲ್ಲಿ ನೂರು ಜನ ಸೇರಿದ್ದರು. ಚಿರತೆ ಎಂಬ ಮಾತು ಆಗಲೇ ಎಲ್ಲರ ಬಾಯಲ್ಲಿತ್ತು. ಕಬ್ಬು ಕಡಿಯುವ ಗ್ಯಾಂಗಿನವರು ಕೊಯ್ತಾ ಕತ್ತಿ ಕೆಳಗಿಟ್ಟು ಬದುವಿನ ಮೇಲೆ ಕೂತಿದ್ದರು. ಕಬ್ಬಿನೊಳಗೆ ಕಾಲಿಡುವುದಿಲ್ಲ ಎಂದು ಅವರ ಹಟ, ಸಕ್ಕರೆ ಕಾರ್ಖಾನೆಯ ಸರದಿ ತಪ್ಪುತ್ತದೆ ಎಂದು ಹೊಲದವರ ಕೂಗು. ಆ ದಡ್ಡಿಯ ಕುರಿಗಾರ ಮಾತ್ರ ಸತ್ತ ಕುರಿಗಳನ್ನು ಒಂದೊಂದೇ ಎಳೆದು ಸಾಲಾಗಿ ಮಲಗಿಸುತ್ತಿದ್ದ. ಮೂವತ್ತೈದರ ವಯಸ್ಸು.

ನಾನು ಹೊಂಡದ ದಂಡೆಯಲ್ಲಿ ಮೊಣಕಾಲೂರಿ ನೋಡಿದೆ. ಕುರಿಗಳ ಗೊರಸಿನ ನಡುವೆ ಐದಾರು ಹೆಜ್ಜೆ ಚೊಕ್ಕಟವಾಗಿ ಉಳಿದಿದ್ದವು. ನಾಲ್ಕು ಬೆರಳು, ಹಿಂದೆ ಅಂಗಾಲಿನ ಗದ್ದುಗೆ, ಬೆರಳುಗಳ ಮುಂದೆ ಉಗುರಿನ ಗುರುತು. ಚಿರತೆ ನಡೆಯುವಾಗ ಉಗುರು ಒಳಗೆಳೆದುಕೊಂಡಿರುತ್ತದೆ, ಮಣ್ಣಿಗೆ ತಾಗಿಸುವುದಿಲ್ಲ. ಅದಲ್ಲ ಎಂಬುದು ಒಂದು ನಿಮಿಷದಲ್ಲಿ ಗೊತ್ತಾಯಿತು. ಕತ್ತೆಕಿರುಬನ ಮುಂಗಾಲು ಹಿಂಗಾಲಿಗಿಂತ ಬಹಳ ದೊಡ್ಡದು. ಇಲ್ಲಿ ಅಷ್ಟು ವ್ಯತ್ಯಾಸ ಇರಲಿಲ್ಲ. ನರಿಯ ಹೆಜ್ಜೆ ಇದರ ಅರ್ಧ. ಕೊನೆಗೆ ಉಳಿದದ್ದು ಎರಡೇ, ತೋಳ ಅಥವಾ ನಾಯಿ.

ನಾನು ಅಲ್ಲಿಗೇ ನಿಲ್ಲಬೇಕಿತ್ತು.

ಹಿಂದಿನಿಂದ ಯಾರೋ ಅಂದರು, "ಹೆಣ್ಮಗಳರಿ ಪಾಪ, ಆಕಿಗೇನ ತಿಳೀತೈತಿ. ದೊಡ್ಡ ಸಾಹೇಬ್ರನ್ನ ಕರಸ್ರಿ."

ಒಂದಿಬ್ಬರು ನಕ್ಕರು. ಆ ಬೀಟಿನಲ್ಲಿ ನನಗೆ ಅದು ಮೂರನೇ ವರ್ಷ. ಅಂಥ ಮಾತು ಹೊಸದೇನಲ್ಲ. ಆದರೂ ಅವತ್ತು ನೂರು ಜನರ ಎದುರಿಗೆ ಅದು ನಾಟಿತು. ಎದ್ದು ನಿಂತು, ಕೈಗೆ ಮೆತ್ತಿದ ಮಣ್ಣು ಝಾಡಿಸಿ, ಎಲ್ಲರಿಗೂ ಕೇಳುವಂತೆ ಹೇಳಿದೆ.

"ಚಿರತಿ ಅಲ್ರೀ. ಉಗುರು ಮೂಡ್ಯಾವ ನೋಡ್ರಿ. ಇದು ತೋಳ."

"ಖಾತ್ರಿ ಏನ್ರೀ ಮೇಡಂ?"

"ಖಾತ್ರಿ."

ತೋಳ ಎನ್ನಲು ನನ್ನ ಬಳಿ ಇದ್ದದ್ದು ಒಂದೇ ಕಾರಣ. ಹೆಜ್ಜೆ ಉದ್ದವಾಗಿ ಸಪೂರಾಗಿತ್ತು. ಊರ ನಾಯಿಯ ಹೆಜ್ಜೆ ದುಂಡಗೆ, ಬೆರಳು ಹರಡಿಕೊಂಡಿರುತ್ತದೆ ಎಂದು ತರಬೇತಿಯಲ್ಲಿ ಕಲಿಸಿದ್ದರು. ಆದರೆ ಆ ಪಾಠ ಹೇಳಿದವರು ಈ ಸೀಮೆಯವರಲ್ಲ. ನಮ್ಮಲ್ಲಿಯ ಬೇಟೆ ನಾಯಿಯ ಮೈಯಂತೆ ಪಾದವೂ ಸಪೂರು. ಬನಹಟ್ಟಿಯಲ್ಲಿ ಹುಟ್ಟಿ ಬೆಳೆದ ನಾನು ಅಂಥ ನಾಯಿಗಳನ್ನು ಕಂಡವಳೇ. ಆ ಹೊತ್ತಿಗೆ ಅದು ತಲೆಗೆ ಬರಲಿಲ್ಲ, ಅಥವಾ ಬರಲು ನಾನು ಬಿಡಲಿಲ್ಲ.

ಒಬ್ಬ ಹುಡುಗ ನನ್ನ ಮಾತನ್ನು ಮೊಬೈಲಿನಲ್ಲಿ ಹಿಡಿದುಕೊಂಡ. ಮಧ್ಯಾಹ್ನದೊಳಗೆ ಅದು ಸುತ್ತಲಿನ ಊರುಗಳ ವಾಟ್ಸಾಪಿನಲ್ಲಿ ಹರಿದಾಡಿತು. ಕೆಳಗೆ ಬರಹ, 'ತೋಳ ಎಂದು ಅರಣ್ಯ ಇಲಾಖೆ ಖಾತ್ರಿ ಮಾಡಿದೆ.'

ಕಾಕಾ ಅಷ್ಟೊತ್ತು ಹೊಂಡದ ಕಡೆ ಬಂದೇ ಇರಲಿಲ್ಲ. ಕುರಿಗಳ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಉಣ್ಣೆ ಸರಿಸಿ ಗಾಯ ನೋಡುತ್ತಿದ್ದರು. ನಾನು ಹತ್ತಿರ ಹೋದಾಗ ದನಿ ತಗ್ಗಿಸಿ ಅಂದರು, "ಅಕ್ಕಾರ, ಕಿವಿ ಕಡದಾವ, ಬಾಲ ಹರದಾವ, ತೊಡಿ ಹರದಾವ. ಗಂಟಲಾ ಹಿಡಿದದ್ದು ಒಂದೂ ಇಲ್ಲ. ಒಂದನ್ನೂ ತಿಂದಿಲ್ಲ, ಒಂದನ್ನೂ ಹೊತ್ತು ಒಯ್ದಿಲ್ಲ. ತೋಳಕ್ಕ ಹಸಿವ ಇರತೈತ್ರಿ. ಇದು ಹಸಿವಿನ ಕೆಲಸ ಅಲ್ಲ."

"ಕಾಕಾ, ಮಂದಿ ಮುಂದ ಹಂಗೆಲ್ಲಾ ಮಾತಾಡಬ್ಯಾಡ್ರಿ," ಎಂದೆ.

ಅವರು ಚೀಲದಿಂದ ಪ್ಲಾಸ್ಟರ್ ಪುಡಿಯ ಪ್ಯಾಕೆಟ್ ತೆಗೆದು, ನನ್ನನ್ನು ಕೇಳದೆ ಒಂದು ಹೆಜ್ಜೆಯ ಸುತ್ತ ತಗಡಿನ ಬಳೆ ಊರಿದರು. ಪುಡಿಯನ್ನು ಮಜ್ಜಿಗೆಯ ಹದಕ್ಕೆ ಕಲಸಿ, ಹೆಜ್ಜೆಗೆ ನೇರ ಬೀಳದಂತೆ ಕೈ ಅಡ್ಡ ಹಿಡಿದು ಹೊಯ್ದು, ಗಟ್ಟಿಯಾಗುವ ತನಕ ಬಿಸಿಲಲ್ಲಿ ಕೂತರು. ಅವತ್ತು ತೆಗೆದ ಅಚ್ಚು ಅದೊಂದೇ. ನಾನು ಅಳತೆಪಟ್ಟಿ ಕೂಡ ಇಡದೆ ಫೋನಿನಲ್ಲಿ ನಾಲ್ಕು ಫೋಟೋ ತೆಗೆದುಕೊಂಡೆ. ಪಂಚನಾಮೆಯಲ್ಲಿ 'ಹಾನಿ ಮಾಡಿದ ಪ್ರಾಣಿ' ಎಂಬಲ್ಲಿ ತೋಳ ಎಂದು ಬರೆದೆ. ಕುರಿಗಾರ ಸಹಿ ಹಾಕಿದ.

ಅವನ ತಾಯಿ ನಮಗೆ ಚಹಾ ಕೊಟ್ಟರು. ಕಚ್ಚೆ ಸೀರೆಯ, ಗಟ್ಟಿ ದನಿಯ ಮುದುಕಿ. ಮಡಿಲಲ್ಲಿ ಕಿವಿ ಹರಿದ ಒಂದು ಮರಿ. ಅದಕ್ಕೆ ಅರಿಷಿಣ ಒತ್ತುತ್ತ ನನಗೆ ಅಂದರು, "ತೋಳ ನಾವು ಸಣ್ಣಾವ್ರಿದ್ದಾಗಿಂದ ನೋಡೇವಿ, ತಂಗಿ. ಬರತಾವ, ಒಂದು ಮರಿ ಒಯ್ತಾವ, ಬೈಕೋತ ಕುಂದರತೇವಿ. ಹಿಂಗ ದಡ್ಡೀನ ಹಾಳ ಮಾಡಿದ್ದು ನಾ ಕಂಡಿಲ್ಲ."

ಅದನ್ನೂ ನಾನು ಬರೆದುಕೊಳ್ಳಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಗುಡ್ಡದ ಓರೆಯಲ್ಲಿ ಹೊಗೆ ಕಂಡಿತು. ಮೊದಲು ಹುಲ್ಲಿಗೆ ಬೆಂಕಿ ಬಿದ್ದಿದೆ ಅಂದುಕೊಂಡೆ. ಬೈಕ್ ಹೋಗುವಷ್ಟು ಹೋಗಿ, ಮುಂದೆ ನಡೆದು ಹತ್ತಿದೆ. ಕಾಕಾ ಆಗಲೇ ಅಲ್ಲಿದ್ದರು, ಒಬ್ಬರೇ. ಬೇರೆ ಯಾರೂ ಇರಲಿಲ್ಲ.

ಬಂಡೆಯ ಕೆಳಗೆ ತೋಳದ ಬಿಲ, ಊರವರ ಮಾತಿನಲ್ಲಿ ಗುದ್ದು, ಇರುವುದು ಸುತ್ತಲಿನ ಕುರಿಗಾರರಿಗೆಲ್ಲ ಗೊತ್ತಿತ್ತು. ವರ್ಷ ವರ್ಷ ಅಲ್ಲಿ ಮರಿ ಹಾಕುತ್ತಿದ್ದವು. ಅದರ ಬಾಯಿಗೆ ಕಬ್ಬಿನ ರವದಿ, ಕಡಿದ ಮೇಲೆ ಹೊಲದಲ್ಲಿ ಉಳಿಯುವ ಆ ಒಣ ಸೋಗೆಯನ್ನು ಹೊರೆಗಟ್ಟಲೆ ತುರುಕಿ ಬೆಂಕಿ ಹಚ್ಚಿದ್ದರು. ಆರಲು ಸಂಜೆಯಾಯಿತು. ತಾಯಿ ತೋಳ ಬಾಯಿಯ ಹತ್ತಿರವೇ ಇತ್ತು, ತಲೆ ಹೊರಗಡೆಗೆ. ಮರಿಗಳು ಒಳಗಿನ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಬೆಂಕಿ ಅಲ್ಲಿಯವರೆಗೆ ಹೋಗಿರಲಿಲ್ಲ. ಹೊಗೆ ಹೋಗಿತ್ತು. ಕಾಕಾ ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋಗಿ ಒಂದೊಂದೇ ಹೊರಗೆ ಕೊಟ್ಟರು. ನಾನು ಟವೆಲ್ಲಿನ ಮೇಲೆ ಇಟ್ಟೆ. ನಾಲ್ಕು. ಕಣ್ಣು ತೆರೆದು ಬಹಳ ದಿನ ಆಗಿರಲಿಲ್ಲ.

ಪಶುವೈದ್ಯರು ಮರುದಿನ ಬಂದು ಮರಣೋತ್ತರ ಪರೀಕ್ಷೆ ಮಾಡಿದರು. ಅವರು ಹೇಳಿದ್ದನ್ನು ನಾನು ಬರೆದುಕೊಳ್ಳುತ್ತಿದ್ದೆ. ಮೈ ಉದ್ದ, ಬಾಲದ ಉದ್ದ, ಪಾದದ ಅಳತೆ. ಮುಂಗಾಲಿನ ಪಾದ ಅಳೆದಾಗ ಕಾಕಾ ನನ್ನ ಮುಖ ನೋಡಿದರು. ಕಚೇರಿಗೆ ಬಂದು ಕಪಾಟಿನಿಂದ ಆ ಒಂದೇ ಅಚ್ಚನ್ನು ತೆಗೆದು ಪಟ್ಟಿ ಇಟ್ಟೆ. ತೋಳದ ಪಾದ ಒಂದು ಬೆರಳಗಲ ದೊಡ್ಡದಿತ್ತು. ಹಸಿ ಮಣ್ಣಿನಲ್ಲಿ ಹೆಜ್ಜೆ ಪಾದಕ್ಕಿಂತ ಹಿಗ್ಗುತ್ತದೆಯೇ ಹೊರತು ಕುಗ್ಗುವುದಿಲ್ಲ. ಸತ್ತದ್ದು ಹೆಣ್ಣು. ಗಂಡು ತೋಳದ ಪಾದ ಇನ್ನೂ ದೊಡ್ಡದಿರುತ್ತದೆ.

ಹಿಂಡಿನಲ್ಲಿ ಹೋದ ವರ್ಷದ ಮರಿ ಇದ್ದರೆ ಅದರದಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಅಚ್ಚನ್ನು ಮತ್ತೆ ಕಪಾಟಿನಲ್ಲಿಟ್ಟೆ. ಅವತ್ತಿನಿಂದ ಎಂಟು ದಿನ ನಾನು ಯಾರಿಗೂ ಏನೂ ಹೇಳಲಿಲ್ಲ. ಗುದ್ದಿಗೆ ಬೆಂಕಿ ಹಚ್ಚಿದ್ದಕ್ಕೆ ಅಪರಿಚಿತರ ಮೇಲೆ ಪ್ರಕರಣ ದಾಖಲಿಸಿದೆ. ಊರಲ್ಲಿ ವಿಚಾರಿಸಿದರೆ ಯಾರಿಗೂ ಏನೂ ಗೊತ್ತಿರಲಿಲ್ಲ. ಆದರೆ ಎಲ್ಲರ ಮುಖದಲ್ಲಿ ಒಂದು ನಿಶ್ಚಿಂತೆ ಇತ್ತು. ಗ್ಯಾಂಗಿನವರು ಕಬ್ಬಿಗೆ ಇಳಿದಿದ್ದರು. ಕುರಿದಡ್ಡಿಗೆ ಹೊಡೆದಿದ್ದ ಮುಳ್ಳುಬೇಲಿಯ ಬಾಯಿ ಸಡಿಲಾಗಿತ್ತು. ಪಾಳಿ ಹಚ್ಚಿ ಕಾಯುವುದನ್ನೂ ಬಿಟ್ಟಿದ್ದರು. ನಾನು ಅದನ್ನು ನೋಡಿದೆ. ಏನಾದರೂ ಹೇಳಬೇಕು ಅನ್ನಿಸಿತು. ಹೇಳಿದರೆ ಮೊದಲಿನ ಮಾತು ತಪ್ಪು ಎಂದೂ ಹೇಳಬೇಕಿತ್ತು.

ಅಚ್ಚು ಅಳೆದ ಒಂಬತ್ತನೆಯ ದಿನ ಬೆಳಿಗ್ಗೆ ಮುದುಕಿ ಆ ಕಿವಿಹರಕ ಮರಿಗೆ ನೀರು ಕುಡಿಸಲು ಹೊಂಡಕ್ಕೆ ಇಳಿದಿದ್ದರು. ಬಿಸಿಲು ಇನ್ನೂ ಎಳೆಯದಿತ್ತು. ಸೊಸೆ "ಕೋಲ ತಗೊಂಡು ಹೋಗ್ರಿ" ಅಂದದ್ದಕ್ಕೆ "ತೋಳ ಸುಟ್ಟಾರಲ್ಲ, ಇನ್ಯಾತರ ಅಂಜಿಕಿ" ಅಂದರಂತೆ. ಕೂಗು ಕೇಳಿ ಮಗ ಓಡುವಷ್ಟರಲ್ಲಿ ಅವರು ರಕ್ತದಲ್ಲಿ ಬಿದ್ದಿದ್ದರು. ಕಂದು ಬಣ್ಣದ ಎರಡೋ ಮೂರೋ ಪ್ರಾಣಿ ಕಬ್ಬಿನೊಳಗೆ ನುಗ್ಗಿದ್ದನ್ನು ಕಂಡೆ ಅಂದ. ಬಾಗಲಕೋಟೆಯ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು.

ನಾನು ಹೊಂಡ ಮುಟ್ಟಿದಾಗ ಅವರನ್ನು ಒಯ್ದಾಗಿತ್ತು. ಮರಿ ನೀರಿನ ಅಂಚಿನಲ್ಲಿ ಸತ್ತು ಬಿದ್ದಿತ್ತು. ಮಣ್ಣಿನಲ್ಲಿ ಏನೇನು ಇತ್ತು ಎಂಬುದನ್ನು ಬರೆಯುವುದಿಲ್ಲ. ಜನ ನಾಲ್ಕು ದಿಕ್ಕಿನಿಂದ ಬರುತ್ತಿದ್ದರು. ಇನ್ನು ಹತ್ತು ನಿಮಿಷ ಬಿಟ್ಟರೆ ಹೆಜ್ಜೆ ಒಂದೂ ಉಳಿಯುವುದಿಲ್ಲ.

"ಕಾಕಾ, ಬುಟ್ಟಿ," ಎಂದೆ.

ಅವರು ಹತ್ತಿರದ ಮನೆಯಿಂದ ಸಗಣಿ ಹೊರುವ ಬುಟ್ಟಿ ಏಳು ತಂದರು. ಚೊಕ್ಕಟ ಕಂಡ ಹೆಜ್ಜೆಗಳ ಮೇಲೆ ಬುಟ್ಟಿ ಬೋರಲು ಹಾಕಿ ಕಲ್ಲಿಟ್ಟೆ. ಉಳಿದ ದಾರಿಗೆ ಅಡ್ಡ ಹಗ್ಗ ಕಟ್ಟಿದೆ. ಜನ ಕೂಗುತ್ತಿದ್ದರು. ಗಂಡು ತೋಳ ಉಳಿದಿದೆ, ಹೆಂಡತಿ ಮಕ್ಕಳನ್ನು ಕೊಂದದ್ದಕ್ಕೆ ಸೇಡು ತೀರಿಸುತ್ತಿದೆ, ಗುಂಡು ಹಾಕಿ ಕೊಲ್ಲಿರಿ, ಇಲ್ಲದಿದ್ದರೆ ನಾವೇ ವಿಷ ಇಡುತ್ತೇವೆ. ನಾನು ಈ ಸಲ ಅಳತೆಪಟ್ಟಿ ಇಟ್ಟು ಒಂದೊಂದು ಹೆಜ್ಜೆಯನ್ನು ಮೇಲಿನಿಂದ ನೇರ ಫೋಟೋ ತೆಗೆದೆ. ಗಾಜಿನ ಹಾಳೆ ಮೇಲಿಟ್ಟು ಅಂಚು ಗೀರಿದೆ. ಮೂರು ಅಚ್ಚು ಹೊಯ್ದೆವು.

ಅವು ಗಟ್ಟಿಯಾಗುವಷ್ಟರಲ್ಲಿ ಹೆಜ್ಜೆಯ ದಾರಿ ಹಿಡಿದು ಹೋದೆವು. ತೋಳ ದಾರಿ ನಡೆದರೆ ದಾರ ಹಿಡಿದಂತೆ ನೆಟ್ಟಗೆ ನಡೆಯುತ್ತದೆ, ಮುಂಗಾಲು ಇಟ್ಟಲ್ಲೇ ಹಿಂಗಾಲು ಇಡುತ್ತದೆ. ಇವು ಹಾಗೆ ನಡೆದಿರಲಿಲ್ಲ. ಅತ್ತ ಇತ್ತ ಓಡಾಡಿದ್ದವು, ಒಂದರ ಮೇಲೊಂದು ಹಾರಿ ಹೊರಳಾಡಿದ್ದವು, ಕಾಲುವೆಯ ಪೈಪಿಗೆ ಕಾಲೆತ್ತಿದ್ದವು. ಮುದುಕಿ ಬಿದ್ದ ಜಾಗದಿಂದ ಇಪ್ಪತ್ತು ಮಾರು ದೂರದಲ್ಲಿ ಆಟ ಆಡಿದ್ದವು. ಬದುವಿನ ಗುಂಟ ಹೋದ ಹೆಜ್ಜೆ ಗುಡ್ಡದ ಕಡೆ ತಿರುಗಲೇ ಇಲ್ಲ. ಕಬ್ಬು ದಾಟಿ ಬಂಡಿಜಾಡಿಗೆ, ಅಲ್ಲಿಂದ ಡಾಂಬರು ರಸ್ತೆಗೆ ಹತ್ತಿ ಕಾಣದಾಯಿತು. ಆ ರಸ್ತೆಯ ಮೇಲೆ ಇದ್ದದ್ದು ತೋಟದ ಮನೆಗಳು.

"ನಾ ಅವತ್ತೇ ಹೇಳಿದ್ನಿಲ್ಲರಿ" ಎಂದು ಕಾಕಾ ಒಂದು ಮಾತು ಆಡಿದ್ದರೆ ನನಗೆ ಹಗುರಾಗುತ್ತಿತ್ತು.

ಕಚೇರಿಯಲ್ಲಿ ನಾಲ್ಕೂ ಅಚ್ಚುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಹಳೆಯದೊಂದು, ಹೊಸವು ಮೂರು. ಎಡ ಮುಂಗಾಲಿನ ಹೊರಬೆರಳು ಹೊರಕ್ಕೆ ಸೊಟ್ಟಗಾಗಿದ್ದದ್ದು ಹಳೆಯದರಲ್ಲೂ ಹೊಸದೊಂದರಲ್ಲೂ ಕಂಡಿತು. ಗಾಜಿನ ಮೇಲಿನ ಗೆರೆಯನ್ನು ಹಳೆಯ ಅಚ್ಚಿನ ಮೇಲೆ ಹಿಡಿದರೆ ಕೂಡಿತು. ಎರಡೂ ದಿನ ಬಂದದ್ದು ಅದೇ ಪ್ರಾಣಿ. ನಾನು ತೋಳ ಎಂದು ಹೇಳಿದ್ದೂ ಅದನ್ನೇ, ಮುದುಕಿಯ ಮೇಲೆ ಬಿದ್ದದ್ದೂ ಅದೇ.

ಆದರೂ ನನ್ನ ಕಣ್ಣನ್ನು ನಾನು ಎರಡನೇ ಸಲ ನಂಬಲಿಲ್ಲ. ಅಚ್ಚುಗಳನ್ನು ಹತ್ತಿಯಲ್ಲಿ ಸುತ್ತಿ, ಕಾಕಾನನ್ನು ಹಿಂದೆ ಕೂರಿಸಿಕೊಂಡು, ಲೋಕಾಪುರದ ಮೇಲೆ ಹಾದು ತಿಮ್ಮಾಪುರದ ಕಡೆ ಹೋದೆ. ಅಲ್ಲಿ ಒಬ್ಬ ಅಜ್ಜ ಬೇಟೆ ನಾಯಿ ಸಾಕುತ್ತ ಆಯುಷ್ಯ ಕಳೆದವರು ಎಂದು ಕಾಕಾನಿಗೆ ಗೊತ್ತಿತ್ತು. ಅಂಗಳದ ಕಟ್ಟೆಯ ಮೇಲೆ ಕೂತಿದ್ದ ಅಜ್ಜನಿಗೆ ನಾನು ಏನೂ ಹೇಳಲಿಲ್ಲ. ಎಲ್ಲಿ ಸಿಕ್ಕಿತು ಎಂಬುದನ್ನೂ ಹೇಳದೆ ಹಳೆಯ ಅಚ್ಚನ್ನು ಕೈಗಿಟ್ಟೆ.

ಅವರು ಕನ್ನಡಕ ಏರಿಸಿ, ಅಚ್ಚನ್ನು ಬೆಳಕಿಗೆ ಹಿಡಿದು, ಉಗುರಿನ ತುದಿಯ ಮೇಲೆ ಹೆಬ್ಬೆರಳು ಆಡಿಸಿದರು.

"ತಂಗಿ, ಇದು ನಮ್ಮ ನಾಯೀನ."

"ತೋಳ ಯಾಕ ಅಲ್ಲರಿ, ಅಜ್ಜಾರ?"

"ಉಗುರ ಮುಟ್ಟಿ ನೋಡು. ತುದಿ ಮೊಂಡ ಐತಿ, ಅಡ್ಡ ಕತ್ತರಿಸಿದ್ದು. ಓಡುವಾಗ ಮುರೀಬಾರದಂತ ನಾವು ಕತ್ತರಿಸಿ ಬಿಡತೇವಿ. ಉಗುರ ಕತ್ತರಿಸ್ಕೊಂಡ ತೋಳ ನೀ ಎಲ್ಲೆರೆ ಕಂಡೀಯೇನ?"

ನಾನೂ ಹೆಬ್ಬೆರಳಿಟ್ಟು ನೋಡಿದೆ. ಹೌದು. ಹದಿಮೂರು ದಿನದಿಂದ ಅದು ನನ್ನ ಕಪಾಟಿನಲ್ಲೇ ಇತ್ತು.

"ಇವು ಮನಷ್ಯಾರ ಮೈಮ್ಯಾಲೆ ಬೀಳೂ ಜಾತಿ ಅಲ್ಲ," ಎಂದರು ಅಜ್ಜ. ಅಚ್ಚನ್ನು ನನಗೆ ಮರಳಿ ಕೊಟ್ಟು ಕನ್ನಡಕ ತೆಗೆದರು. ಏನಾಗಿದೆ ಎಂಬುದು ಅವರಿಗೆ ಹೊಳೆದಿರಬೇಕು. "ಉಪಾಸ ಕೆಡವಿ, ಮೊಲದ ಬೇಟಿಗೆ ಬಿಟ್ಟು, ರಕ್ತದ ರುಚಿ ಹಚ್ಚಿ, ರಾತ್ರಿ ಸರಪಳಿ ಬಿಚ್ಚಿದ್ರ ಯಾವ ಜಾತಿ ಆದ್ರೂ ಕೆಡತೈತಿ. ನಾಯಿ ಕೆಡೂದಿಲ್ಲವ್ವಾ, ಕೆಡಸ್ತಾರ."

ಮರುದಿನ ವಲಯದ ಸಾಹೇಬರ ಮುಂದೆ ಎಲ್ಲವನ್ನೂ ಇಟ್ಟೆ. ಅವರು ಕೆಟ್ಟವರಲ್ಲ. ಅಚ್ಚು ನೋಡಿದರು, ಫೋಟೋ ನೋಡಿದರು, ಬಾಗಿಲು ಮುಂದೆ ಮಾಡಿ ಬಂದು ಕೂತರು.

"ನೋಡವಾ, ನೀ ಹೇಳೂದು ಖರೆ ಇರಬಹುದು. ಆದ್ರ ಒಂದು ವಿಚಾರ ಮಾಡು. ತೋಳ ಅಂತ ಇದ್ರ ಆ ಮನಿಯವ್ರಿಗೆ ಸರಕಾರದಿಂದ ಪರಿಹಾರ ಬರತೈತಿ. ಕುರಿದೂ ಬರತೈತಿ, ಮುದುಕಿದೂ ಬರತೈತಿ. ನಾಯಿ ಅಂತ ನೀ ಬರದ್ರ ನಮ್ಮ ಇಲಾಖೆದಾಗ ಅದಕ್ಕ ಜಾಗಾನ ಇಲ್ಲ. ಆ ನಾಯಿ ಮಾಲಕ ಕೋರ್ಟಿನಾಗ ಎಷ್ಟ ವರ್ಷ ಎಳೀತಾನೋ. ಕುರಿಗಾರ ಏನ ಮಾಡಬೇಕು?"

ನಾನು ಅಚ್ಚುಗಳನ್ನು ಮತ್ತೆ ಹತ್ತಿಯಲ್ಲಿ ಸುತ್ತತೊಡಗಿದೆ.

"ಮತ್ತ ಮೊದಲಿನ ಪಂಚನಾಮೆ ನಿಂದ. ಅದು ತಪ್ಪಂತ ನಿನ್ನ ಕೈಯಿಂದನ ಬರೀಬೇಕಾಗತೈತಿ. ಗುದ್ದು ಸುಟ್ಟದ್ದು ಯಾರ ಮಾತಿನ ಮ್ಯಾಲೆ ಅಂತ ಕೇಳ್ತಾರ."

"ಗೊತ್ತೈತ್ರಿ, ಸರ್."

ಅವರು ಒಂದು ದಿನ ಟೈಮು ಕೊಟ್ಟರು. ಆ ಸಂಜೆ ಕುರಿಗಾರನೇ ಕಚೇರಿಗೆ ಬಂದ. ಊರಲ್ಲಿ ಸುದ್ದಿ ಹಬ್ಬಿತ್ತು. ತಲೆ ಬೋಳಿಸಿಕೊಂಡಿದ್ದ. ನಿಂತುಕೊಂಡೇ ಹೇಳಿದ, "ಮೇಡಮ್ಮಾರ, ತೋಳ ಅಂತನ ಇರ್ಲಿ. ಕುರಿ ಹೋದವು, ಅವ್ವ ಹೋದಳು. ಮನ್ಯಾಗ ಮೂರು ಹುಡುಗೂರು ಅದಾವ. ನಾಯಿ ಅಂತ ಬರದು ನನಗೇನ ಮಾಡ್ತೀರಿ?"

ನಾನು ಅವತ್ತು ಮಲಗಿ ಎದ್ದೆನೇ ಹೊರತು ನಿದ್ದೆ ಮಾಡಲಿಲ್ಲ. ಅವನ ಮಾತು ನ್ಯಾಯದ್ದು. ಸಾಹೇಬರ ಮಾತೂ ನ್ಯಾಯದ್ದು. ತೋಳ ಎಂದು ಬರೆದರೆ ಒಂದು ಮನೆ ಉಳಿಯುತ್ತದೆ. ಆದರೆ ಗುಡ್ಡದಲ್ಲಿ ಉಳಿದ ತೋಳಗಳಿಗೆ ವಿಷ ಇಡುತ್ತಾರೆ, ಊರು ಮತ್ತೆ ನಿಶ್ಚಿಂತವಾಗುತ್ತದೆ, ಆ ನಾಯಿಗಳು ಕಬ್ಬಿನಲ್ಲಿ ಇದ್ದೇ ಇರುತ್ತವೆ. ಹೊಂಡಕ್ಕೆ ದಿನಾ ಇಳಿಯುವವರು ಗ್ಯಾಂಗಿನ ಹೆಂಗಸರು, ಅವರ ಮಕ್ಕಳು. ಒಮ್ಮೆ ಸುಮ್ಮನಿದ್ದದ್ದಕ್ಕೆ ಒಂದು ಜೀವ ಹೋಗಿತ್ತು. ಮತ್ತೊಮ್ಮೆ ಸುಮ್ಮನಿರಲು ನನ್ನಿಂದ ಆಗಲಿಲ್ಲ.

ಬೆಳಿಗ್ಗೆ ವರದಿ ಬರೆದೆ. ನಾಲ್ಕು ಅಚ್ಚು, ಗಾಜಿನ ಗೆರೆ, ಹೆಜ್ಜೆಯ ದಾರಿಯ ನಕ್ಷೆ, ಸತ್ತ ತೋಳದ ಪಾದದ ಅಳತೆ, ಕುರಿಗಳ ಗಾಯದ ಬಗ್ಗೆ ಕಾಕಾ ಮೊದಲ ದಿನವೇ ಹೇಳಿದ ಮಾತು. ಕೊನೆಗೆ, ಮೊದಲಿನ ಪಂಚನಾಮೆಯಲ್ಲಿ ನಾನು ನಮೂದಿಸಿದ್ದು ತಪ್ಪು, ಅಳತೆ ಮಾಡದೆ ಹೇಳಿದ್ದು, ನಂತರ ಅನುಮಾನ ಬಂದರೂ ಎಂಟು ದಿನ ತಿಳಿಸಲಿಲ್ಲ ಎಂದು ಬರೆದೆ. ಸಾಹೇಬರು ಓದಿ, ಸಹಿ ಹಾಕಿ ಮೇಲೆ ಕಳಿಸಿದರು. ಒಂದು ಪ್ರತಿ ಪೊಲೀಸರಿಗೆ ಹೋಯಿತು.

ಎರಡು ದಿನ ಬಿಟ್ಟು ಪೊಲೀಸರು, ಪಶುವೈದ್ಯರು, ನಾವು ಸೇರಿ ಆ ರಸ್ತೆಯ ತೋಟದ ಮನೆಗಳಿಗೆ ಹೋದೆವು. ಮೂರನೆಯದರಲ್ಲಿ ಬೇಟೆ ನಾಯಿ ಐದು ಇದ್ದವು, ಪಕ್ಕೆಲುಬು ಎಣಿಸುವಷ್ಟು ಬಡಕಲು. ಸರಪಳಿ ಮಾತ್ರ ಏಳು. ಮಾಲೀಕ ಪೇಟೆಯಲ್ಲಿ ಇರುವವನು, ಫೋನ್ ಮಾಡಿದ ಮೇಲೆ ಕಾರಿನಲ್ಲಿ ಬಂದ.

"ನನ್ನ ನಾಯಿ ಕಟ್ಟಿದ ಜಾಗಾ ಬಿಟ್ಟು ಹೋಗಿಲ್ರೀ. ಬೇಕಾದ್ರ ಆಳಮನಷ್ಯಾನ್ನ ಕೇಳ್ರಿ," ಎಂದ.

ಆಳುಮನುಷ್ಯ ನೆಲ ನೋಡುತ್ತ ನಿಂತಿದ್ದ.

ಅಂಗಳದಲ್ಲಿ ಎರೆಮಣ್ಣು ಹಾಸಿ, ನೀರು ಚಿಮುಕಿಸಿ, ಹಲಗೆಯಿಂದ ಸಮ ಮಾಡಿದೆವು. ಒಂದೊಂದೇ ನಾಯಿಯನ್ನು ಅದರ ಮೇಲೆ ನಡೆಸಿದೆವು. ಮೊದಲೆರಡರ ಹೆಜ್ಜೆ ಕೂಡಲಿಲ್ಲ. ಮೂರನೆಯದು ಕಂದು ಬಣ್ಣದ ಹೆಣ್ಣು. ಅದು ನಡೆದು ಹೋದ ಮೇಲೆ ಪಶುವೈದ್ಯರು ಬಗ್ಗಿ, ಬೆರಳು ತೋರಿಸಿ, ನನ್ನನ್ನು ಕರೆದರು. ಎಡ ಮುಂಗಾಲಿನ ಹೊರಬೆರಳು ಸೊಟ್ಟಗೆ. ಗಾಜಿನ ಹಾಳೆ ಇಟ್ಟೆ. ಗೆರೆಗೆ ಗೆರೆ ಕೂತಿತು.

ನಾನು ಆ ನಾಯಿಯ ಮುಖ ನೋಡಲು ಹೆದರಿದ್ದೆ. ಅದು ತಾನಾಗಿಯೇ ಬಂದು ನನ್ನ ಮಣ್ಣುಗೈ ನೆಕ್ಕಿತು. ಬಾಲ ಆಡಿಸುತ್ತಿತ್ತು. ಹಸಿದಿತ್ತು.

ಐದನ್ನೂ ಒಯ್ದರು. ಕಾಣೆಯಾಗಿದ್ದ ಎರಡರಲ್ಲಿ ಒಂದು, ವಾರದ ಮೇಲೆ ಕಬ್ಬಿನಲ್ಲಿ ಸತ್ತು ಸಿಕ್ಕಿತು, ಇನ್ನೊಂದು ಸಿಗಲೇ ಇಲ್ಲ. ಮಾಲೀಕನ ಮೇಲೆ ಪ್ರಕರಣ ಆಯಿತು. ಅವನು ಜಾಮೀನಿನ ಮೇಲೆ ಹೊರಗಿದ್ದಾನೆ. ನನಗೆ ನೋಟಿಸು ಬಂತು, ಉತ್ತರ ಕೊಟ್ಟೆ, ವಿಚಾರಣೆ ನಡೆಯುತ್ತಿದೆ. ಹೊಂಡದ ಕಡೆ ಮತ್ತೆ ಏನೂ ಆಗಿಲ್ಲ.

ಪರಿಹಾರದ ಅರ್ಜಿ, 'ವನ್ಯಪ್ರಾಣಿಯಿಂದ ಆದ ಹಾನಿಯಲ್ಲ' ಎಂಬ ಷರಾದೊಂದಿಗೆ ಮರಳಿ ಬಂದಾಗ, ಅದನ್ನು ಕುರಿಗಾರನಿಗೆ ಮುಟ್ಟಿಸುವುದು ನನ್ನ ಕೆಲಸವೇ ಆಗಿತ್ತು. ಬೇರೆಯವರ ಕೈಲಿ ಕಳಿಸಬಹುದಿತ್ತು. ಕಾಕಾನನ್ನು ಕರೆದುಕೊಂಡು ನಾನೇ ಹೋದೆ. ಯುಗಾದಿ ಮುಗಿದ ಮರುವಾರ, ಬಿಸಿಲು ಕಾದಿತ್ತು. ಅವನು ದಡ್ಡಿಯ ನೆರಳಲ್ಲಿ ಕೂತು ಉಳಿದ ಕುರಿಗಳ ಕಾಲುಗೊರಸು ಕೆತ್ತುತ್ತಿದ್ದ. ಕಾಗದ ಓದಿದ. ಎರಡು ಸಲ ಓದಿ ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ.

"ಮೇಡಮ್ಮಾರ, ಒಂದು ಕೇಳ್ತೇನಿ. ಅವತ್ತು ಮೊದಲಿನ ದಿವಸ ನಿಮಗ ಖಾತ್ರಿ ಇತ್ತೇನು?"

"ಇರಲಿಲ್ಲಪಾ."

"ಗೊತ್ತಿಲ್ಲ ಅನಬಹುದಿತ್ತಲ್ರೀ."

"ಅನಬಹುದಿತ್ತು."

ಅವನು ಕೈಯಲ್ಲಿದ್ದ ಚಾಕು ಕೆಳಗಿಟ್ಟ. ಕುರಿಯನ್ನು ಬಿಟ್ಟ. ಅದು ಕುಂಟುತ್ತ ಹೋಗಿ ಹಿಂಡು ಸೇರಿತು.

"ಗುದ್ದಿಗೆ ರವದಿ ಹೊತ್ತಾಂವ ನಾನ. ಕಡ್ಡಿ ಗೀರಿದಾಂವನೂ ನಾನ. ಮನಿಯಿಂದ ಹೊಂಟಾಗ ಅವ್ವ ಅಡ್ಡ ನಿಂತಿದ್ಲು. ಒಳಗ ಹಡದಾಕಿ ಐತೋ, ಬ್ಯಾಡೋ ಅಂದ್ಲು. ಇಲಾಖೆದವ್ರ ಖಾತ್ರಿ ಮಾಡ್ಯಾರ, ನೀ ಸುಮ್ಮಿರಬೇ ಅಂತ ದೂಡಿ ಹ್ವಾದೆ."

ನಾನು ಕಾಕಾನ ಕಡೆ ನೋಡಿದೆ. ಅವರು ಗುಡ್ಡದ ಕಡೆ ನೋಡುತ್ತಿದ್ದರು. ಆ ಮಾತು ನನಗೆ ಕೇಳಿಸಲಿಲ್ಲ ಎಂದು ಎದ್ದು ಬಂದುಬಿಡಬಹುದಿತ್ತು. ಪ್ರಕರಣ ಅಪರಿಚಿತರ ಮೇಲೆಯೇ ಇತ್ತು.

"ಇದನ್ನ ಯಾಕ ನನಗ ಹೇಳಾಕತ್ತಿ?" ಎಂದೆ.

"ನಮ್ಮವ್ವಂದು ಖರೆ ಬರದ್ರಿ. ಇದನ್ನೂ ಬರಕೋರಿ. ಉಳದಾವ್ರ ಹೆಸರು ಕೇಳಬ್ಯಾಡ್ರಿ, ನಾ ಹೇಳೂದಿಲ್ಲ."

ಚೀಲದಿಂದ ಕಾಗದ ತೆಗೆದೆ. ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ಬರೆದು ಓದಿ ಹೇಳಿದೆ. ಒಂದು ಕಡೆ ತಡೆದು, "ದೂಡಿ ಹ್ವಾದೆ ಅನ್ನೂದನ್ನ ಹಾಕೀರಿಲ್ಲೋ?" ಎಂದು ಕೇಳಿದ. ಹಾಕಿದ್ದೆ. ಸಹಿ ಮಾಡಿದ.

ಅದರ ಕೆಳಗೆ ಇನ್ನಷ್ಟು ಜಾಗ ಇತ್ತು. ಹೆಜ್ಜೆ ಅಳೆಯದೆ ಜನರ ಎದುರಿಗೆ ತೋಳ ಎಂದು ಹೇಳಿದವಳು ನಾನು, ಆ ಮಾತು ನಂಬಿ ಇದು ನಡೆಯಿತು ಎಂದು ಬರೆದು ನಾನೂ ಸಹಿ ಹಾಕಿದೆ. ಕಾಗದವನ್ನು ಕಾಕಾನ ಮುಂದೆ ಹಿಡಿದೆ. ಅವರು ಕುರಿಗಾರನ ಪಕ್ಕದಲ್ಲೇ ನೆಲದ ಮೇಲೆ ಕೂತು, ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು, ಸಾಕ್ಷಿ ಎಂಬಲ್ಲಿ ತಮ್ಮ ಹೆಸರನ್ನು ಒಂದೊಂದೇ ಅಕ್ಷರ ಒತ್ತಿ ಬರೆದರು.